ಹೋಬರ್ಟನ ಕಲ್ಲು

ಸ್ಲೇಟ್ ಕೊಳ್ಳ, ಕೆಂಟಕಿ
೨೦ ಸೆಪ್ಟೆಂಬರ್ ೨೦೧೫

ಮಾರ್ಲಾ,

ನೀನು ಯಾರ ಮನೆಯ ಹುಡುಗಿ ಎಂದು ಆ ಇಲಾಖೆಯವರು ಕೇಳಿದರೆ ತಲೆ ಎತ್ತಿ ಹೇಳು. ನಾನು ಆರ್ಮಿಂಟಾ ಸ್ಟಿಡಮ್. ಸ್ಲೇಟ್ ಕೊಳ್ಳದ ಕೊನೆಯ ಮನೆ ನನ್ನದು. ಮನೆಯ ಹಿಂದಿನ ಗುಡ್ಡವೂ ಗುಡ್ಡದ ಮೇಲಿನ ಸ್ಮಶಾನವೂ ನಮ್ಮ ಮನೆತನದವು. ಅಲ್ಲಿ ಯಾರನ್ನು ಯಾರ ಪಕ್ಕದಲ್ಲಿ ಮಲಗಿಸಬೇಕು ಎಂದು ತೀರ್ಮಾನಿಸುವವಳು ನಾನು. ಈ ಕೊಳ್ಳದಲ್ಲಿ ಹೈಸ್ಕೂಲು ಮುಗಿಸಿದ ಮೊದಲನೆಯ ಹೆಣ್ಣು ನಾನು. ನಿನ್ನ ಅಜ್ಜನ ಮೇಲೆ ಗಣಿಯ ಮಾಡು ಕುಸಿದ ದಿನ ಕಂಪನಿಯವರು ಟೋಪಿ ಕೈಯಲ್ಲಿ ಹಿಡಿದು ಅಂಗಳಕ್ಕೆ ಬಂದರು. ಅವರೆದುರು ನಾನು ಅಳಲಿಲ್ಲ, ಕೂತುಕೊಳ್ಳಿ ಎಂದೂ ಹೇಳಲಿಲ್ಲ. ನಿನ್ನ ತಾಯಿ ಹೋದ ಮೇಲೆ ನಿನ್ನನ್ನು ಬೆಳೆಸಿದ್ದು ಇದೇ ಮನೆ. ಇಷ್ಟು ಹೇಳು, ಸಾಕು.

ಗುಪ್ತಚರ ಇಲಾಖೆ ಓದುವ ಮಕ್ಕಳನ್ನೂ ಇಂಟರ್ನ್‌ಶಿಪ್ಪಿಗೆ ತೆಗೆದುಕೊಳ್ಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅರ್ಜಿ ಹಾಕಿರುವುದನ್ನು ಯಾರಿಗೂ ಹೇಳಬೇಡ ಎಂದು ಬರೆದಿದ್ದೀಯ. ಹೇಳಿಲ್ಲ. ಆದರೆ ವಿಲ್ಮಾ ಕೋಡಿಲ್ ಬೇಲಿಯ ಹತ್ತಿರ ಹಿಡಿದು ನಿಲ್ಲಿಸಿದಳು.

"ಹುಡುಗಿ ವಾಷಿಂಗ್ಟನ್‌ಗೆ ಹೋಗ್ತಾಳಂತೆ, ಯಾವ ಕೆಲಸಕ್ಕೆ?" ಎಂದಳು.

"ಅಂಚೆ ಕಚೇರಿಗೆ."

"ಅಂಚೆ ಕಚೇರಿ ಇಲ್ಲೇ ಇದ್ಯಲ್ಲೇ, ಸೇತುವೆ ಪಕ್ಕ."

"ದೊಡ್ಡ ಕಾಗದಗಳೆಲ್ಲಾ ಅಲ್ಲೇ ಇರೋದು ವಿಲ್ಮಾ" ಎಂದೆ. ಒಪ್ಪಿಕೊಂಡು ಹೋದಳು.

ಹೋಬರ್ಟ್ ಮಾವನನ್ನು ಕೇಳಿದ್ದೀಯ. ಹಿಂದಿನ ಕೋಣೆಯಲ್ಲೇ ಇದ್ದಾನೆ. ಬೆನ್ನು ನೋವು ಇದೆ, ಆದರೆ ಚಟ ಹಿಡಿಸಿದ ಆ ನೋವಿನ ಮಾತ್ರೆ ಈಗ ಇಲ್ಲ. ನಿನ್ನೆ ಅವನ ಕೈಯಿಂದ ಸ್ಮಶಾನದ ಹುಲ್ಲು ಕೊಯ್ಯಿಸಿದೆ. ಅವನು ಜೈಲಿನಲ್ಲಿದ್ದ ವರ್ಷ ನನ್ನ ಸಮಾಧಿಯ ಕಲ್ಲಿನ ಜೊತೆಗೆ ಅವನ ಕಲ್ಲನ್ನೂ ಮಾಡಿಸಿ ನಿಲ್ಲಿಸಿದ್ದೆನಲ್ಲ, ಹೆಸರು, ಹುಟ್ಟಿದ ದಿನ, ಪಕ್ಕದಲ್ಲೊಂದು ಗೆರೆ, ಆಮೇಲೆ ಸಾಯುವ ದಿನಕ್ಕೆಂದು ಖಾಲಿ. ಕೊಳ್ಳದಲ್ಲಿ ಬುದ್ಧಿ ಇರುವವರೆಲ್ಲ ಬದುಕಿರುವಾಗಲೇ ಮಾಡಿಸಿಟ್ಟಿರುತ್ತಾರೆ. ಅದರ ಸುತ್ತಲಿನ ಹುಲ್ಲು ತೆಗೆಯುತ್ತ, "ಅಮ್ಮಾ, ಬಾಡಿಗೆದಾರನೇ ಬಂದು ಗುಡಿಸ್ಬೇಕಾದ ಮನೆ ಇದೊಂದೇ ನೋಡು" ಎಂದ. ನಗಬೇಡ ಎಂದೆ. ಅವನು ನಕ್ಕ.

ನಿನ್ನ ಅಜ್ಜಿ,
ಆರ್ಮಿಂಟಾ ಸ್ಟಿಡಮ್


ಲೆಕ್ಸಿಂಗ್ಟನ್
೧೪ ಫೆಬ್ರವರಿ ೨೦೧೬

ಪ್ರೀತಿಯ ಅಜ್ಜಿ,

ಆಯ್ಕೆಯಾದೆ. ಫೋನ್ ಮಾಡೋಣ ಎಂದುಕೊಂಡೆ, ಆದರೆ ನಮ್ಮ ಮನೆಯ ಫೋನು ಸಾವಿನ ಸುದ್ದಿಗೆ ಮಾತ್ರ ಎನ್ನುವ ನಿನ್ನ ನಿಯಮ ನೆನಪಾಗಿ ಕಾಗದ ಬರೆಯುತ್ತಿದ್ದೇನೆ.

ಆಯ್ಕೆ ಎಂದರೆ ಪೂರ್ತಿ ಆಯ್ಕೆಯಲ್ಲ. ನನ್ನ ಹಿನ್ನೆಲೆಯನ್ನೆಲ್ಲ ವಿಚಾರಿಸುತ್ತಾರೆ, ಸುಳ್ಳು ಪತ್ತೆ ಮಾಡುವ ಯಂತ್ರಕ್ಕೆ ಕೂರಿಸುತ್ತಾರೆ, ಅದೆಲ್ಲ ಸರಿಹೋದರೆ ಬರುವ ವರ್ಷದ ಬೇಸಿಗೆಗೆ ಕೆಲಸ. ಆಕಾಶದಿಂದ ತೆಗೆದ ಚಿತ್ರಗಳನ್ನು ನೋಡಿ ಕೆಳಗೆ ನೆಲದಲ್ಲಿ ಏನು ನಡೆಯುತ್ತಿದೆ ಎಂದು ಓದುವುದು. ಸಂದರ್ಶನದಲ್ಲಿ ಒಂದು ಗುಡ್ಡದ ಚಿತ್ರ ಕೊಟ್ಟರು. ಯಾವ ದೇಶದ್ದೋ ಗೊತ್ತಿಲ್ಲ. ಇಲ್ಲಿ ಹಿಂದೆ ಗಣಿ ಇತ್ತು, ಮಣ್ಣು ಹಾಕಿ ಮುಚ್ಚಿದ್ದಾರೆ, ಅದಕ್ಕೇ ಈ ಮರಗಳ ಬಣ್ಣ ಬೇರೆ ಎಂದೆ. ಶಾಲೆಯ ಬಸ್ಸಿಗೆ ನಡೆಯುವಾಗ ಮಾವ ತೋರಿಸುತ್ತಿದ್ದದ್ದು ಅದನ್ನೇ ಅಲ್ಲವೇ. ಅವನಿಗೆ ಹೇಳು.

ಇದೊಂದು ಸಿಕ್ಕರೆ ಓದು ಮುಗಿದ ಮೇಲೆ ಅಲ್ಲೇ ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ. ಸಿಗದಿದ್ದರೆ ನಾನು ಕಲಿತದ್ದಕ್ಕೆ ನಮ್ಮ ಕಡೆ ಯಾವ ಬಾಗಿಲೂ ಇಲ್ಲ ಅಜ್ಜಿ. ಹೆದ್ದಾರಿಯ ಅಗ್ಗದಂಗಡಿಯ ಗಲ್ಲಾ ಒಂದೇ. ನನ್ನ ಜೊತೆ ಹೈಸ್ಕೂಲು ಮುಗಿಸಿದ ಅರ್ಧ ಜನ ಅಲ್ಲೇ ನಿಂತಿದ್ದಾರೆ.

ನಿನ್ನ
ಮಾರ್ಲಾ


ಸ್ಲೇಟ್ ಕೊಳ್ಳ
೬ ಮಾರ್ಚ್ ೨೦೧೬

ಮಾರ್ಲಾ,

ಗಲ್ಲಾದ ಹಿಂದೆ ನಿಲ್ಲುವುದಕ್ಕೆ ನಿನ್ನನ್ನು ಓದಿಸಲಿಲ್ಲ. ಆ ಮಾತು ಇನ್ನೊಮ್ಮೆ ಬರೆಯಬೇಡ.

ನಿನ್ನ ಕಾಗದವನ್ನು ಹೋಬರ್ಟನಿಗೆ ಓದಿ ಹೇಳಿದೆ. ಗುಡ್ಡದ ಚಿತ್ರದ ಸಾಲನ್ನು ಇನ್ನೊಮ್ಮೆ ಓದು ಎಂದ. ಓದಿದೆ. ಎದ್ದು ಹೊರಗೆ ಹೋದ. ಆವತ್ತಿನಿಂದ ಮೆಟ್ಟಿಲ ಮೇಲೆ ಕೂತು ವಾಲ್‌ನಟ್ ಮರದ ತುಂಡೊಂದನ್ನು ಕೆತ್ತುತ್ತಿದ್ದಾನೆ. ನರಿ ಮಾಡುತ್ತಿದ್ದಾನಂತೆ. "ಅಷ್ಟು ದೊಡ್ಡ ಆಫೀಸಲ್ಲಿ ಮೇಜಿನ ಮೇಲೆ ಮರದ ನರಿ ಇಟ್ಕೊಳಕ್ಕೆ ಬಿಡ್ತಾರಾ ಕೇಳಮ್ಮ. ಅದ್ರೊಳಗೆ ಯಂತ್ರಗಿಂತ್ರ ಏನಿಲ್ಲ ಅಂತ ಬರೆದುಕೊಡ್ತೀನಿ" ಎಂದ. ಬಾಲ ಮಾತ್ರ ಅವನಿಗೆ ಸರಿ ಬರುತ್ತಿಲ್ಲ.

ವಿಚಾರಿಸಲಿ. ನಮ್ಮ ಮನೆಯಲ್ಲಿ ಮುಚ್ಚಿಡುವಂತಹದ್ದು ಏನಿದೆ?

ನಿನ್ನ ಅಜ್ಜಿ,
ಆರ್ಮಿಂಟಾ ಸ್ಟಿಡಮ್


ಲೆಕ್ಸಿಂಗ್ಟನ್
೧೮ ಏಪ್ರಿಲ್ ೨೦೧೬

ಪ್ರೀತಿಯ ಅಜ್ಜಿ,

ಒಂದು ವಿಷಯ ಕೇಳಬೇಕು. ಹೋಬರ್ಟ್ ಮಾವ ಈಗಲೂ ಹಿಂದಿನ ಕೋಣೆಯಲ್ಲೇ ಇದ್ದಾನೆಯೇ? ಮಾತ್ರೆ ಮತ್ತೆ ಶುರುವಾಗಿಲ್ಲವಷ್ಟೆ? ಅವನು ಜೈಲಿನಿಂದ ಬಂದದ್ದು ಯಾವ ವರ್ಷ, ಸರಿಯಾಗಿ ಹೇಳು. ಮನೆಯಲ್ಲಿ ಯಾರು ಯಾರು ಇದ್ದಾರೆ, ಅವರೆಲ್ಲ ಎಂಥವರು ಎಂದು ಕೇಳಿದ್ದಾರೆ.

ಇನ್ನೇನು ಕೇಳಿದ್ದಾರೆ ಎಂದು ನಿನಗೆ ಹೇಳುವಂತಿಲ್ಲ. ನೀನು ಏನು ಹೇಳಬೇಕೆಂದಂತೂ ನಾನು ಹೇಳಲೇಬಾರದು. ಮೇ ತಿಂಗಳಲ್ಲಿ ಅವರ ಕಡೆಯವರು ಒಬ್ಬರು ಮನೆಗೆ ಬರಬಹುದು. ನೀನು ಅರ್ಥ ಮಾಡಿಕೊಳ್ಳುತ್ತೀಯ.

ನರಿಯನ್ನು ಬಿಡುತ್ತಾರೆ ಎಂದು ಮಾವನಿಗೆ ಹೇಳು. ಕೇಳಿಲ್ಲ, ಆದರೂ ಹೇಳು.

ನಿನ್ನ
ಮಾರ್ಲಾ


ಸ್ಲೇಟ್ ಕೊಳ್ಳ
೨೭ ಏಪ್ರಿಲ್ ೨೦೧೬

ಮಾರ್ಲಾ,

ಅವನು ಜೈಲಿನಿಂದ ಬಂದದ್ದು ೨೦೧೨ರಲ್ಲಿ. ಉಳಿದದ್ದು ಅರ್ಥವಾಯಿತು. ನೀನು ಚಿಂತೆ ಮಾಡಬೇಡ, ಓದಿಕೋ.

ನಿನ್ನ ಅಜ್ಜಿ,
ಆರ್ಮಿಂಟಾ ಸ್ಟಿಡಮ್


ಸ್ಲೇಟ್ ಕೊಳ್ಳ
೨ ಜೂನ್ ೨೦೧೬

ಮಾರ್ಲಾ,

ನಿನ್ನ ಇಲಾಖೆಯ ಕಡೆಯವನು ಮೊನ್ನೆ ಮಂಗಳವಾರ ಬಂದಿದ್ದ. ಪ್ರೂಯಿಟ್ ಎಂದು ಹೆಸರು. ಶೂ ಚೆನ್ನಾಗಿ ಒರೆಸಿಕೊಂಡು ಒಳಗೆ ಬಂದ. ಕೂರಿಸಿ, ಸೇಬಿನ ಪದರದ ಕೇಕು ಕೊಟ್ಟೆ. ಸರ್ಕಾರದವರಿಗೆ ಏನೂ ತಿನ್ನಬಾರದೆಂದು ನಿಯಮವಂತೆ, ಬೇಡವೆಂದ. ಆದರೆ ನೋಡಿದ.

ಹೂವಿನ ಭಾನುವಾರ ಕಳೆದು ಎರಡೇ ದಿನ, ಗುಡ್ಡದ ತುಂಬ ಹೂವಿತ್ತು. ಈ ಸಲ ಹಳೆಯ ಸಮಾಧಿಗಳಿಗೂ ಸೇರಿ ಎಲ್ಲರಿಗೂ ಹೂವಿಟ್ಟೆವು. ಹೋಗುವ ಮೊದಲು ಆತ ಗುಡ್ಡ ಹತ್ತಿ ಸ್ಮಶಾನಕ್ಕೆ ಹೋಗಿ, ಟೋಪಿ ತೆಗೆದು ಸ್ವಲ್ಪ ಹೊತ್ತು ನಿಂತಿದ್ದ. ಅಡುಗೆಮನೆಯ ಕಿಟಕಿಯಿಂದ ಕಂಡೆ. ಒಳ್ಳೆಯ ಮನೆಯಲ್ಲಿ ಬೆಳೆದವನು.

ಕೇಳಿದ್ದಕ್ಕೆಲ್ಲ ಕೊಡಬೇಕಾದ ಉತ್ತರ ಕೊಟ್ಟಿದ್ದೇನೆ. ನಿನಗೆ ಕಳಂಕ ತರುವ ಒಂದು ಮಾತೂ ಈ ಮನೆಯಿಂದ ಹೋಗಿಲ್ಲ. ಇನ್ನು ಆ ಕೆಲಸ ನಿನ್ನದೇ ಎಂದು ತಿಳಿದುಕೋ.

ಹೋಬರ್ಟ್ ಊಟ ಸ್ವಲ್ಪ ಕಡಿಮೆ ಮಾಡಿದ್ದಾನೆ. ಬಿಸಿಲಿಗೆ ಇರಬೇಕು.

ನಿನ್ನ ಅಜ್ಜಿ,
ಆರ್ಮಿಂಟಾ ಸ್ಟಿಡಮ್


ಲೆಕ್ಸಿಂಗ್ಟನ್
೧೯ ಆಗಸ್ಟ್ ೨೦೧೬

ಅಜ್ಜಿ,

ಹೋಬರ್ಟ್ ಮಾವ ಸತ್ತಿದ್ದಾನೆಯೇ?

ನನ್ನನ್ನು ಹೀಗೇ ಕೇಳಿದರು. ಬೆರಳಿಗೆ, ತೋಳಿಗೆ, ಎದೆಗೆ ತಂತಿ ಕಟ್ಟಿ ಕೂರಿಸಿದ್ದರು. ಎದುರಿಗಿದ್ದ ಹೆಂಗಸು ನಿನ್ನಷ್ಟೇ ನೆಟ್ಟಗೆ ಕೂತಿದ್ದಳು. "ನಿನ್ನ ಮಾವ ಹೋಬರ್ಟ್ ಸ್ಟಿಡಮ್ ಯಾವಾಗ ತೀರಿಕೊಂಡ್ರು?" ಎಂದಳು. ನಾನು ಎದ್ದು ನಿಂತೆ. ತಂತಿಗಳು ಕಿತ್ತು ಬಂದವು. ಫೋನು ಬಂದಿಲ್ಲವಲ್ಲ, ಅಜ್ಜಿ ಫೋನು ಮಾಡಿಲ್ಲವಲ್ಲ, ಎಂದು ಅಷ್ಟೇ ಹೇಳುತ್ತಿದ್ದೆನಂತೆ.

"ಕೂತ್ಕೋ ಮಗು" ಎಂದಳು. "ನಮ್ಗೂ ಗೊತ್ತಿಲ್ಲ. ಅದಕ್ಕೇ ಕೇಳ್ತಿರೋದು."

ಆಮೇಲೆ ಒಂದು ಫೋಟೋ ಮುಂದಿಟ್ಟಳು. ನಮ್ಮ ಗುಡ್ಡ. ಮಾವನ ಕಲ್ಲು. ಬುಡದಲ್ಲಿ ರಾಶಿ ಹೂವನ್ನು ಯಾರೋ ಪಕ್ಕಕ್ಕೆ ಸರಿಸಿದ್ದರು. ಹುಟ್ಟಿದ ದಿನ, ಗೆರೆ, ಆಮೇಲೆ ಖಾಲಿ ಕಲ್ಲು.

"ನೀನು ಬರೆದಿರೋದು, ಮಾವ ಹಿಂದಿನ ಕೋಣೇಲಿದಾನೆ ಅಂತ. ಅಜ್ಜಿ ಹೇಳಿರೋದು, ಗುಡ್ಡದ ಮೇಲಿದಾನೆ ಅಂತ. ಇಬ್ಬರಲ್ಲಿ ಯಾರನ್ನ ನಂಬ್ಲಿ?"

ಮಾವನ ಜೈಲು, ಮಾತ್ರೆ, ಎಲ್ಲವನ್ನೂ ಅವರು ಕೇಳಿದ್ದಕ್ಕೆ ನಾನೇ ಬರೆದುಕೊಟ್ಟಿದ್ದೆ ಅಜ್ಜಿ. ಅದು ಅವರಿಗೆ ದೊಡ್ಡ ವಿಷಯವೇ ಆಗಿರಲಿಲ್ಲ. "ಅರ್ಧ ದೇಶಕ್ಕೆ ಅಂಥ ಒಬ್ಬ ಮಾವ ಇದಾನೆ. ಮುಚ್ಚಿಡದೆ ಬರೆದಿದೀಯ, ಅಷ್ಟೇ ನಮಗೆ ಬೇಕಾಗಿದ್ದು" ಎಂದಳು. ಆಮೇಲೆ ಕೇಳಿದಳು: "ನಿನಗೋಸ್ಕರ ಸುಳ್ಳು ಹೇಳು ಅಂತ ಅಜ್ಜಿಗೆ ಯಾರು ಹೇಳಿದ್ದು? ನೀನಾ?"

ಇಲ್ಲ ಎಂದೆ. ಯಂತ್ರ ಒಪ್ಪಲಿಲ್ಲ. ಮತ್ತೆ ಕೇಳಿದಳು. ಮತ್ತೆ ಇಲ್ಲ ಎಂದೆ. ಮಧ್ಯಾಹ್ನದವರೆಗೂ ಅದೊಂದೇ ಪ್ರಶ್ನೆ.

ನೀನು ಆತನಿಗೆ ನಿಜವಾಗಿ ಏನು ಹೇಳಿದೆ? ನನಗೆ ತಿಳಿಯಬೇಕು.

ಮಾರ್ಲಾ


ಸ್ಲೇಟ್ ಕೊಳ್ಳ
೨೭ ಆಗಸ್ಟ್ ೨೦೧೬

ಮಾರ್ಲಾ,

ಕೇಳಿದ್ದೀಯ, ಹೇಳುತ್ತೇನೆ. ಕ್ಷಮೆ ಕೇಳುವುದಕ್ಕೆ ಬರೆಯುತ್ತಿಲ್ಲ.

ಮನೆಯಲ್ಲಿ ಯಾರಿದ್ದಾರೆ ಎಂದು ಆತ ಕೇಳಿದ. "ನಾನು, ನಾಯಿ" ಎಂದೆ.

"ನಿಮಗೊಬ್ಬ ಮಗ ಇದಾನಲ್ಲಮ್ಮ. ಹೋಬರ್ಟ್."

"ಇದ್ದ."

"ಈಗೆಲ್ಲಿ?"

ನಾನು ಕಿಟಕಿಯಿಂದ ಗುಡ್ಡದ ಕಡೆ ಕೈ ತೋರಿಸಿದೆ. "ಅವರಪ್ಪನ ಪಕ್ಕದಲ್ಲಿ. ಬೇಕಾದ್ರೆ ನೋಡ್ಕೊಂಡು ಬಾಪ್ಪ, ಹೆಸರು ಕೆತ್ತಿದೆ." ಆತ ಬರೆಯುವುದನ್ನು ನಿಲ್ಲಿಸಿ, ನಿಮ್ಮ ದುಃಖಕ್ಕೆ ನಾನೂ ಮರುಗುತ್ತೇನೆ ಎಂದ. ನಾನು ತಲೆ ಆಡಿಸಿದೆ. ಖಾಲಿ ಜಾಗ ಕಾಣದಿರಲಿ ಎಂದು ಭಾನುವಾರವೇ ಪಿಯೋನಿ ಹೂವನ್ನು ಕಲ್ಲಿನ ಅರ್ಧದವರೆಗೆ ಒಟ್ಟಿದ್ದೆ. ಸತ್ತವರಿಗೆ ಇಟ್ಟ ಹೂವನ್ನು ಕೈಯಿಂದ ಸರಿಸುವ ಮನುಷ್ಯ ಇರುತ್ತಾನೆ ಎಂದು ನಾನು ಅಂದುಕೊಂಡಿರಲಿಲ್ಲ. ಈ ಕೊಳ್ಳದಲ್ಲಿ ಹುಟ್ಟಿದವರು ಯಾರೂ ಸರಿಸುವುದಿಲ್ಲ.

ಸರ್ಕಾರದವನು ಬಂದು ಮನೆಯವರ ಬಗ್ಗೆ ಕೇಳಿದರೆ ಇರುವವನನ್ನು ಇಲ್ಲ ಎನ್ನುವುದನ್ನು ನಾನು ನನ್ನ ಅತ್ತೆಯಿಂದ ಕಲಿತೆ. ಕದ್ದು ಹೆಂಡ ಕಾಯಿಸುತ್ತಿದ್ದ ಕಾಲದಲ್ಲೂ ಗಣಿಯ ಮುಷ್ಕರದ ಕಾಲದಲ್ಲೂ ಹಾಗೆ ಹೇಳಿಯೇ ನಮ್ಮ ಗಂಡಸರನ್ನು ಉಳಿಸಿಕೊಂಡಿದ್ದು. ನೀನು ಇದ್ದಕ್ಕಿದ್ದಂತೆ ಅವನ ಜೈಲು ಕೇಳಿದೆ, ಮಾತ್ರೆ ಕೇಳಿದೆ, ಹೇಳುವಂತಿಲ್ಲ ಎಂದೆ, ಅರ್ಥ ಮಾಡಿಕೊಳ್ಳುತ್ತೀಯ ಎಂದೆ. ನಾನು ಅರ್ಥ ಮಾಡಿಕೊಂಡೆ. ಬೇರೆ ಅರ್ಥ ಇದ್ದಿದ್ದರೆ ಬರೆಯಬೇಕಿತ್ತು.

ಹೋಬರ್ಟ್ ಆಗ ಎಲ್ಲಿದ್ದ ಎಂದು ಕೇಳುತ್ತೀಯ. ಹಿಂದಿನ ಕೋಣೆಯಲ್ಲಿದ್ದ. ಕೆಮ್ಮಬೇಡ ಎಂದಿದ್ದೆ. ಕೆಮ್ಮಲಿಲ್ಲ. ಎಲ್ಲ ಕೇಳಿಸಿರಬೇಕು, ನಡುವೆ ಇರುವುದು ಹಲಗೆಯ ಗೋಡೆ. ರಾತ್ರಿಯ ಊಟಕ್ಕೆ ಕರೆದೆ. ಬಾಗಿಲಲ್ಲಿ ನಿಂತು, "ಸತ್ತೋನಿಗೂ ತಟ್ಟೆ ಇಟ್ಟಿದೀಯಾ ಅಮ್ಮ?" ಎಂದ. "ಹುಚ್ಚುಚ್ಚಾಗಿ ಆಡ್ಬೇಡ, ಹುಡುಗಿಗೋಸ್ಕರ ಹೇಳಿದ್ದು" ಎಂದೆ. "ಗೊತ್ತು ಕಣಮ್ಮ. ನಾನೂ ಅದನ್ನೇ ಹೇಳ್ತಿದ್ದೆ. ಆದ್ರೆ ನೀನು ಒಂದ್ಸಲನೂ ತಡವರಿಸ್ಲಿಲ್ಲ ನೋಡು" ಎಂದ. ಕೂತು ಬೀನ್ಸು, ಜೋಳದ ರೊಟ್ಟಿ ತಿಂದ. ತಟ್ಟೆ ತಾನೇ ತೊಳೆದಿಟ್ಟ.

ಹೋಬರ್ಟ್ ಚೆನ್ನಾಗಿದ್ದಾನೆ.

ಆರ್ಮಿಂಟಾ ಸ್ಟಿಡಮ್


ಲೆಕ್ಸಿಂಗ್ಟನ್
೨೩ ಸೆಪ್ಟೆಂಬರ್ ೨೦೧೬

ಅಜ್ಜಿ,

ಇಲಾಖೆಯಿಂದ ಉತ್ತರ ಬಂತು. ಇಲ್ಲ ಎಂದಿದ್ದಾರೆ. ಕಾರಣ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಮತ್ತೆ ಅರ್ಜಿ ಹಾಕಬಹುದೇ ಎಂದು ಫೋನಿನಲ್ಲಿ ಕೇಳಿದೆ. ಹಾಕಬಹುದು, ಆದರೆ ಈ ವಿಚಾರಣೆಯಲ್ಲಿ ದಾಖಲಾದದ್ದೆಲ್ಲ ಹಾಗೇ ಇರುತ್ತದೆ ಎಂದರು. ಬಹಳ ಮರ್ಯಾದೆಯಿಂದಲೇ ಹೇಳಿದರು.

ನಿನ್ನ ಮೇಲೆ ಕೋಪ ಮಾಡಿಕೊಂಡು ಬಹಳ ದಿನ ಕಳೆದೆ. ಕೋಪ ಇಳಿದ ಮೇಲೆ ಉಳಿದದ್ದು ಇನ್ನೂ ಕೆಟ್ಟದಾಗಿದೆ. ಆ ಹೆಂಗಸು ಕೇಳಿದಾಗಲೆಲ್ಲ ನನಗೆ ಏಪ್ರಿಲ್‌ನ ಕಾಗದ ಕಣ್ಣೆದುರಿಗೆ ಬರುತ್ತಿತ್ತು. "ನೀನು ಅರ್ಥ ಮಾಡಿಕೊಳ್ಳುತ್ತೀಯ." ನಿಜ ಹೇಳು ಎಂದು ಬರೆಯಬಹುದಿತ್ತು. ಅದಕ್ಕೆ ಯಾವ ನಿಯಮವೂ ಅಡ್ಡ ಬರುತ್ತಿರಲಿಲ್ಲ. ಬರೆಯಲಿಲ್ಲ. ಅವನು ಅಲ್ಲಿ ಇಲ್ಲದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆ ಸಾಲು ಬರೆಯುವಾಗ ನನ್ನ ಮನಸ್ಸಿನಲ್ಲಿ ಇತ್ತೋ ಇಲ್ಲವೋ, ನನಗೇ ಗೊತ್ತಿಲ್ಲ. ಯಂತ್ರಕ್ಕೆ ಗೊತ್ತಿತ್ತು.

ನವೆಂಬರಿನ ಹಬ್ಬದೂಟಕ್ಕೆ ನಾನು ಬರುವುದಿಲ್ಲ. ಮಾವನ ಮುಖ ನೋಡುವ ಧೈರ್ಯ ನನಗಿಲ್ಲ. ಅವನಿಗೆ ಬೇರೆಯಾಗಿ ಒಂದು ಕಾಗದ ಹಾಕಿದ್ದೆ, ಉತ್ತರವಿಲ್ಲ. ಅವನ ಕೈಗೆ ಕೊಟ್ಟೆಯಾ?

ಮಾರ್ಲಾ


ಸ್ಲೇಟ್ ಕೊಳ್ಳ
೩ ಅಕ್ಟೋಬರ್ ೨೦೧೬

ಮಾರ್ಲಾ,

ನಿನ್ನ ಕಾಗದ ಹೋಬರ್ಟನ ಕೋಣೆಯಲ್ಲಿದೆ, ಅವನ ದಿಂಬಿನ ಮೇಲೆ.

ಬರದಿದ್ದರೆ ನಿನ್ನ ಇಷ್ಟ. ಸೋತು ಮನೆಗೆ ಬರುವುದರಲ್ಲಿ ಅವಮಾನವಿಲ್ಲ ಎಂದು ನಿನಗೆ ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡಬೇಕಾದವಳು ನಾನೇ.

ಆರ್ಮಿಂಟಾ ಸ್ಟಿಡಮ್


ಸ್ಲೇಟ್ ಕೊಳ್ಳ
೧೨ ನವೆಂಬರ್ ೨೦೧೬

ಮಾರ್ಲಾ,

ಫೋನ್ ಮಾಡಿದ್ದರೆ ಗಂಟೆ ಹೊಡೆದಾಗಲೇ ನಿನಗೆ ತಿಳಿದುಬಿಡುತ್ತಿತ್ತು. ಅದಕ್ಕೆ ಕಾಗದ. ಮೊದಲು ಕೂತುಕೋ, ಆಮೇಲೆ ಓದು.

ಹೋಬರ್ಟ್ ಜೂನ್ ತಿಂಗಳಲ್ಲೇ ಮನೆ ಬಿಟ್ಟು ಹೋಗಿದ್ದ. ಚೆನ್ನಾಗಿದ್ದಾನೆ ಎಂದು ನಾನು ನಿನಗೆ ಬರೆದಾಗ ಅವನು ಎಲ್ಲಿದ್ದಾನೆಂಬುದೇ ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಕಾಫಿ ಕುಡಿದು, ನಾಯಿಗೆ ಅನ್ನ ಹಾಕಿ, "ಓಹಾಯೋಗೆ ಹೋಗ್ತೀನಮ್ಮ, ಅಲ್ಲಿ ನನ್ನ ಗುರುತು ಯಾರಿಗೂ ಇಲ್ಲ, ಬದುಕಿದೀನಿ ಅಂದ್ರೆ ನಂಬ್ತಾರೆ" ಎಂದ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಹೋಗಬೇಡ ಎಂದು ಹೇಳಬಹುದಿತ್ತು. ತಾನಾಗಿಯೇ ಬರುತ್ತಾನೆ, ಹಸಿವಾದಾಗ ಬರುತ್ತಾನೆ ಎಂದು ಒಲೆಯ ಕಡೆ ತಿರುಗಿ ನಿಂತೆ.

ಡೇಟನ್ ಊರಿನ ಒಂದು ಬಾಡಿಗೆ ಕೋಣೆಯಲ್ಲಿದ್ದನಂತೆ. ಟೈರಿನ ಅಂಗಡಿಯಲ್ಲಿ ಕೆಲಸ. ಅಕ್ಟೋಬರ್ ಹದಿನೆಂಟರಂದು ಪೊಲೀಸ್ ಷರೀಫನ ಕಡೆಯ ಹುಡುಗ ಅಂಗಳಕ್ಕೆ ಬಂದ. ಟೋಪಿ ಕೈಯಲ್ಲಿತ್ತು. ಅವನು ಬಾಯಿ ತೆರೆಯುವ ಮೊದಲೇ ಬಾಗಿಲು ಹಾಕಿಕೊಂಡೆ. ಹೊರಗೇ ನಿಂತು ಹೇಳಿದ. ಮಾತ್ರೆಗಳಂತೆ. ಎಷ್ಟು ಎಂದು ನಾನು ಕೇಳಲಿಲ್ಲ.

ನಿನಗೆ ತಿಳಿಸದೆ ಮಣ್ಣು ಮಾಡಿದೆ. ಬರುವುದಿಲ್ಲ ಎಂದು ನೀನು ಬರೆದಿದ್ದೆ, ಆ ಮಾತನ್ನು ನೆಪ ಮಾಡಿಕೊಂಡೆ. ನಿನ್ನ ಕಣ್ಣೆದುರಿಗೆ ಅವನನ್ನು ಆ ಕಲ್ಲಿನ ಕೆಳಗೆ ಇಳಿಸುವುದು ನನ್ನಿಂದ ಆಗುತ್ತಿರಲಿಲ್ಲ. ವಿಲ್ಮಾ ಹಾಡಿದಳು. ಅವಳಿಗೆ ಧ್ವನಿಯಿಲ್ಲ, ಆದರೂ ಕೊನೆಯವರೆಗೂ ಹಾಡಿದಳು. ನಿನ್ನ ಕಾಗದವನ್ನು ಒಡೆಯದೆ ಅವನ ಜೇಬಿಗೆ ಇಟ್ಟೆ. ಅವನ ಸಾಮಾನಿನ ಜೊತೆ ನರಿ ಬಂದಿದೆ. ಬಾಲ ಮುಗಿಸಿದ್ದಾನೆ. ಇದರ ಜೊತೆ ಕಳಿಸುತ್ತಿದ್ದೇನೆ.

ಇನ್ನು ಕಲ್ಲಿನ ವಿಷಯ.

ಕಲ್ಲು ಕೆತ್ತುವ ಆರ್ಲಿ ನಿನ್ನೆ ಬಂದ. ಷರೀಫನ ಕಚೇರಿಯ ಕಾಗದ ಕೈಯಲ್ಲಿ ಹಿಡಿದು, "ಅಕ್ಟೋಬರ್ ಹದಿನೇಳು ಅಂತ ಹಾಕ್ಲಾ ಆರ್ಮಿಂಟಕ್ಕ?" ಎಂದ.

"ಮೇ ಮೂವತ್ತೊಂದು" ಎಂದೆ.

"ಇಲ್ನೋಡಕ್ಕ, ಇದ್ರಲ್ಲಿ ಅಕ್ಟೋಬರ್ ಅಂತಿದೆ."

"ನನಗೂ ಓದಕ್ಕೆ ಬರುತ್ತೆ ಆರ್ಲಿ. ಮೇ ಮೂವತ್ತೊಂದು."

"ಮೇ ತಿಂಗಳಲ್ಲಿ ಅವನು ನನ್ನ ಹುಲ್ಲು ಕೊಯ್ಯೋ ಯಂತ್ರ ರಿಪೇರಿ ಮಾಡ್ಕೊಟ್ಟಿದಾನೆ. ಇಡೀ ಕೊಳ್ಳಕ್ಕೇ ಗೊತ್ತು. ಕಲ್ಲಿನ ಮೇಲೆ ಸುಳ್ಳು ಕೆತ್ತು ಅಂತೀಯಲ್ಲಕ್ಕ."

"ಆ ಮಂಗಳವಾರ ಮನೆಗೆ ಬಂದೋನ ಮುಂದೆ ಕೂತು ನನ್ನ ಮಗ ಸತ್ತ ಅಂತ ನಾನೇ ಹೇಳಿದೀನಿ. ಗೋಡೆ ಆಚೆ ಅವನು ಕೇಳಿಸ್ಕೊಂಡಿದಾನೆ. ಹೆತ್ತೋಳು ನಾನು, ಯಾವತ್ತು ಸತ್ತ ಅಂತ ನನಗೆ ಗೊತ್ತಿರಲ್ವಾ? ಉಳಿ ಎತ್ಕೋ."

ಅವನು ಉಳಿ ಎತ್ತಿಕೊಂಡ. ಮುಗಿಯುವವರೆಗೆ ನಾನು ಪಕ್ಕದಲ್ಲೇ ನಿಂತಿದ್ದೆ. ಮೂವತ್ತೊಂದು ಮೇ, ಎರಡು ಸಾವಿರದ ಹದಿನಾರು. ಇನ್ನು ಆ ಪ್ರೂಯಿಟ್ ಬಂದು ಹೂವು ಸರಿಸಿ ನೋಡಿದರೂ ನಾನು ಹೇಳಿದ್ದೇ ಅಲ್ಲಿದೆ. ನಿನ್ನ ಕೆಲಸ ಅದರಿಂದ ವಾಪಸು ಬರುವುದಿಲ್ಲ, ಗೊತ್ತು.

ಆರ್ಲಿ ಕಲ್ಲಿನ ಪುಡಿ ಒರೆಸಿ ಗುಡ್ಡ ಇಳಿದು ಹೋದ. ನಾನು ಬೆರಳಿನಿಂದ ಮುಟ್ಟಿ ನೋಡಿದೆ. ಹಳೆಯ ಅಕ್ಷರಗಳು ಮಳೆಗೆ ನುಣ್ಣಗಾಗಿವೆ. ಹೊಸವು ಕೈ ಕೊಯ್ಯುತ್ತವೆ.

ಅಜ್ಜಿ